ಹಿತ್ತಿಲವರೆಗೆ ಒಂದು ಗಳ

ನಮ್ಮ ಮಾವನ ಬಲಗೈ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪ, ಕಪ್ಪು. ಮುಟ್ಟಿದರೆ ಕಡಲೆಕಾಯಿ ಸಿಪ್ಪೆಯ ಹಾಗೆ ಒರಟು. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕೊಡುವ ಕೆಲಸ ಮಾಡಿದವರು ಅವರು. ಅಲ್ಲಿ ಬಂಡೆಯ ಕೆಳಗೆ ಕಾಲಿಡುವ ಮೊದಲು ಅದನ್ನು ಹಾರೆಯಿಂದ ಬಡಿದು ನೋಡಬೇಕು. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಸಡಿಲ. ಮುಂದೆ ಹೋದವನು ಬಡಿದು ನೋಡಿ, "ಗಟ್ಟಿ ಐತೆ, ಬಾ" ಎಂದು ಕೂಗುವವರೆಗೆ ಹಿಂದಿನವರು ಹೆಜ್ಜೆ ಎತ್ತುತ್ತಿರಲಿಲ್ಲವಂತೆ.

ಗಣಿ ಮುಚ್ಚಿತು, ಹಾರೆ ಮೂಲೆ ಸೇರಿತು, ಬಡಿಯುವ ಚಟ ಮಾತ್ರ ಬೆರಳಿಗೆ ಇಳಿಯಿತು. ತೆಂಗಿನಕಾಯಿ, ಹಲಸಿನಹಣ್ಣು, ಬಾಡಿಗೆ ಆಟೋ, ಯಾವುದನ್ನೂ ಬಿಟ್ಟವರಲ್ಲ. ಬೇತಮಂಗಲಕ್ಕೆ ನನ್ನನ್ನು ನೋಡಲು ಬಂದಾಗ ನಮ್ಮ ಮನೆಯ ಗೋಡೆಯನ್ನೂ ಬಡಿದರು. ನಮ್ಮಪ್ಪ ಗಾಬರಿಯಾಗಿ, "ಯಾಕ್ ಯಜಮಾನ್ರೇ, ಏನಾದ್ರೂ ಕೊರತೆ ಕಾಣ್ತಾ?" ಎಂದರು. "ಗೋಡೆ ಗಟ್ಟಿ ಐತೆ, ಎಣ್ಣೂ ಗಟ್ಟಿ ಇರ್ತಾಳೆ ಬಿಡಿ" ಎಂದರು ಮಾವ. ಮದುವೆ ಗೊತ್ತಾಯಿತು.

ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗೆ ಸೊಸೆಯಾಗಿ ಬಂದೆ. ಗಂಡ ಲಾರಿ ಓಡಿಸುವವರು, ಮನೆಯಲ್ಲಿ ಇರುವುದೇ ಅಪರೂಪ. ನಾನು ನಸುಕಿನ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ಬರುತ್ತೇನೆ. ಶನಿವಾರ ಅರ್ಧ ದಿನ, ಭಾನುವಾರ ಇಡೀ ದಿನ ಸಿಕ್ಕರೆ ಮಾವನಿಗೂ ನನಗೂ ಹಬ್ಬವಾಗುತ್ತಿತ್ತು. ಒಲೆಯ ಮೇಲೊಂದು ಹಲಗೆ, ಬಿಂದಿಗೆ ಇಡಲು ಕಟ್ಟೆ, ಕೋಳಿಗೂಡಿಗೆ ಬಾಗಿಲು, ಏನಾದರೊಂದು ಮಾಡಲೇಬೇಕು. ಅವರು ಮಾಡಿದ್ದೆಲ್ಲ ಬೆಟ್ಟ ಹೊರುವಷ್ಟು ಗಟ್ಟಿ. ಉಪ್ಪಿನಕಾಯಿ ಜಾಡಿ ಇಡುವ ಹಲಗೆಗೆ ಕೊಟ್ಟ ಆಸರೆ ನೋಡಿ ಅತ್ತೆ, "ಇದ್ರ ಮೇಲೆ ಆನೆ ಮಲಗಿಸ್ತೀರಾ?" ಎಂದು ಕೇಳಿದ್ದರು. ಮಾವನ ಉತ್ತರ ನನ್ನ ಕಡೆಗೆ ಬರುತ್ತಿತ್ತು: "ಅಮ್ಮಣ್ಣಿ, ಶನಿವಾರ ಶುರು ಮಾಡಿದ್ ಕೆಲಸ ಮುಗಿಸಿ ಸೋಮವಾರ ಬೆಳಗ್ಗೆ ನೆಮ್ಮದಿಯಾಗ್ ಕಾಫಿ ಕುಡೀಬೇಕು. ಇಲ್ದಿದ್ರೆ ಸುತ್ತಿಗೆ ಮುಟ್ಟಬಾರ್ದು."

ಎಲ್ಲ ಹೀಗೆ ನಡೆದಿರುವಾಗ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಸ್ಪತ್ರೆಯಿಂದ ಕೊಟ್ಟ ನಾಲ್ಕು ಕಾಲಿನ ವಾಕರ್ ನಮ್ಮ ಹಿತ್ತಿಲ ಬಾಗಿಲಲ್ಲಿ ತೂರಲಿಲ್ಲ. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಿಲ ಕೊನೆಯಲ್ಲಿ. ಪ್ರತಿ ಸಲವೂ ಅತ್ತೆಯನ್ನು ಯಾರಾದರೂ ಎತ್ತಿಕೊಂಡೇ ಹೋಗಬೇಕು. ಆ ಹೊತ್ತಿನಲ್ಲಿ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಬಂಗಾರಪೇಟೆಯಿಂದ ನಾದಿನಿ ಬಂದಳು. "ನಮ್ಮನೇಲಿ ಎಲ್ಲಾ ಒಳಗೇ ಐತೆ. ಸೋಮವಾರ ಆಟೋ ತರ್ತೀನಿ, ಅಮ್ಮ ಇನ್ಮೇಲೆ ನಮ್ಮನೇಲೇ ಇರ್ಲಿ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳು ಹೋದ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಅತ್ತರು. "ಓದ್ರೆ ತಿರುಗಿ ಬರಲ್ಲ ಕಣಮ್ಮ ನಾನು" ಎಂದರು. ನನಗೂ ಅಳು ಬಂತು. ಅತ್ತೆಯೊಂದಿಗೆ ನಾನು ಆಡದ ಜಗಳವಿಲ್ಲ. ಆದರೆ ಅವರಿಲ್ಲದ ಮನೆಗೆ ರೈಲಿಳಿದು ಬರುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಮಾವ ಎದ್ದು ಗೋಡೆ ಬಡಿದರು. "ಸೋಮವಾರ ತಾನೇ ಬರೋದು? ಶನಿವಾರ, ಭಾನುವಾರ ನಮ್ದೇ" ಎಂದರು.

ಶನಿವಾರ ರಜೆ ಹಾಕಿದೆ. ನಮ್ಮಣ್ಣ ಹೊಲದ ಬದುವಿನ ನೀಲಗಿರಿ ಗಳಗಳನ್ನು ಕಡಿದು ಟೆಂಪೋದಲ್ಲಿ ಕಳಿಸಿದ. ಮಂಚದಿಂದ ಬಚ್ಚಲಿನವರೆಗೆ ಅತ್ತೆ ಹಿಡಿದು ನಡೆಯುವಂತೆ ಉದ್ದಕ್ಕೂ ಗಳ ಕಟ್ಟಬೇಕೆಂಬುದು ನಮ್ಮ ಲೆಕ್ಕ. ಗೋಡೆ ಬಡಿದರೆ ದಬ್ ಎಂದಿತು. ಮಣ್ಣಿನ ಗೋಡೆ, ಮೊಳೆ ನಿಲ್ಲದು. "ಗೋಡೆ ನಂಬಂಗಿಲ್ಲ. ಕಂಬ ನಿಲ್ಸಾಣ" ಎಂದರು ಮಾವ. ನೆಲದಿಂದ ಸೂರಿನ ತೊಲೆಯವರೆಗೆ ಕಂಬ ನಿಲ್ಲಿಸಿ, ಸಂದಿಗೆ ಬೆಣೆ ಇಟ್ಟು, ಸುತ್ತಿಗೆ ಎತ್ತಿದರು. ಗಣಿಯಲ್ಲಿ ಮಾಡುತ್ತಿದ್ದುದೇ ಅದು. ಪ್ರಾಯ ಮರಳಿದವರಂತೆ ಒಂದೇ ಸಮನೆ ಬಡಿದರು, ಇನ್ನೂ ಬಿಗಿಯಲಿ, ಇನ್ನೂ ಬಿಗಿಯಲಿ ಎಂದು ಬಡಿದರು.

"ರೀ, ಬೆಳಕು ಬತ್ತಾ ಐತೆ" ಎಂದರು ಮಂಚದಲ್ಲಿದ್ದ ಅತ್ತೆ.

ತಲೆ ಎತ್ತಿ ನೋಡಿದರೆ ತೊಲೆ, ತಗಡು ಎಲ್ಲ ಗೋಡೆ ಬಿಟ್ಟು ಮೇಲೆದ್ದಿವೆ! ಸಂದಿಯಲ್ಲಿ ಆಕಾಶ. ಆಕಾಶದಲ್ಲಿ ಒಂದು ಕಾಗೆ, ಕತ್ತು ಓರೆ ಮಾಡಿ ನಮ್ಮನ್ನೇ ನೋಡುತ್ತಿದೆ.

"ಮೇಲಿರೋದು ಬಂಡೆ ಅಲ್ಲ, ತಗಡು" ಎಂದರು ಅತ್ತೆ. ಬಿದ್ದ ದಿನದಿಂದ ನಗದಿದ್ದವರು ಸೊಂಟ ಹಿಡಿದುಕೊಂಡು ನಕ್ಕರು. ಮಾವನೂ ನಕ್ಕರು. ನಗು ಬಾರದೆ ಉಳಿದವಳು ನಾನೊಬ್ಬಳೇ. ಹೊತ್ತು ಮುಳುಗುತ್ತಿತ್ತು, ಇನ್ನೂ ಒಂದು ಕಂಬವೂ ನಿಂತಿರಲಿಲ್ಲ.

ಬೆಣೆ ಬಿಚ್ಚಿದರು, ಸೂರು ತನ್ನ ಜಾಗದಲ್ಲಿ ಕೂತಿತು. "ಸೂರು ಬ್ಯಾಡ ಅಮ್ಮಣ್ಣಿ, ನೆಲ ಕೇಳಾಣ" ಎಂದು ಹಾರೆಗೆ ಕೈ ಹಾಕಿದರು. ಸಿಮೆಂಟು ಒಣಗಲು ಪುರುಸೊತ್ತಿರಲಿಲ್ಲ. ಗುಂಡಿ ತೋಡಿ, ಕಂಬ ಇಳಿಸಿ, ಸುತ್ತ ಕಲ್ಲು ಮಣ್ಣು ತುಂಬಿ ದಿಮ್ಮಿಯಿಂದ ಕುಟ್ಟಿದೆವು. "ಒಸ್ತಿಲು ಮಾತ್ರ ಮುಟ್ಬ್ಯಾಡಿ, ಅರಿಶಿನ ಅಚ್ಚಿದ್ದೀನಿ ಅದಕ್ಕೆ" ಎಂದು ಅತ್ತೆಯ ಅಪ್ಪಣೆಯಾಯಿತು. ಅದನ್ನು ಹಾಗೇ ಬಿಟ್ಟು ಎರಡೂ ಕಡೆ ಚಪ್ಪಡಿ ಹಾಸಿ ನೆಲ ಏರಿಸಿದೆವು. ಗಳ ಎಷ್ಟು ಎತ್ತರಕ್ಕಿರಬೇಕೆಂದು ನಾನು ಟೇಪು ತಂದರೆ ಮಾವ ಬೇಡವೆಂದರು. "ಅವಳ ಮೊಣಕೈ ಎಲ್ಲಿಗ್ ಬತ್ತದೆ ಅಂತ ನಂಗೊತ್ತು" ಎಂದು ಗುರುತು ಹಾಕಿದರು. ಗಳದ ಒರಟು ತಿಕ್ಕಿ ತೆಗೆದು, ಅತ್ತೆಯ ಹಳೆಯ ಹತ್ತಿ ಸೀರೆ ಸುತ್ತಿ, ಬಿಗಿಯಾಗಿ ಹೊಲಿದವಳು ನಾನು. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ.

ಭಾನುವಾರ ಸಂಜೆ ಮಾವ ಮಂಚದ ಬಳಿಯಿಂದ ಹೊರಟು ಪ್ರತಿ ಕಂಬವನ್ನೂ ಗೆಣ್ಣಿನಿಂದ ಬಡಿಯುತ್ತ ಹಿತ್ತಿಲ ಕೊನೆ ತಲುಪಿದರು. ಅಲ್ಲಿ ತಿರುಗಿ ನಿಂತು, "ಗಟ್ಟಿ ಐತೆ, ಬಾ" ಎಂದು ಕೂಗಿದರು.

ಅತ್ತೆ ಎದ್ದರು. ಗಳ ಹಿಡಿದರು. ಹಿಂದೆಯೇ ಕೈ ಚಾಚಿಕೊಂಡು ಹೊರಟ ನನಗೆ, "ಮುಟ್ಬ್ಯಾಡ ಅಮ್ಮಣ್ಣಿ" ಎಂದು ಮಾವ ಅಲ್ಲಿಂದಲೇ ಗದರಿದರು. ಹೊಸ್ತಿಲ ಬಳಿ ಅತ್ತೆ ನಿಂತರು, ಉಸಿರು ತೆಗೆದುಕೊಂಡರು, ತುಳಿಯದೆ ಕಾಲೆತ್ತಿ ದಾಟಿದರು. ಹಿತ್ತಿಲು ದಾಟಿದರು. ಪಾಯಿಖಾನೆಯೊಳಗೆ ಹೋಗಿ ನಮ್ಮಿಬ್ಬರ ಮುಖದ ಮೇಲೇ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕದ ಸದ್ದು ಕೇಳಿತು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಕೊಟ್ಟ ಸದ್ದು ಇನ್ನೊಂದಿಲ್ಲ.

ಸೋಮವಾರ ನಾದಿನಿ ಆಟೋ ನಿಲ್ಲಿಸಿ ಒಳಗೆ ಬಂದಾಗ ಮಂಚ ಖಾಲಿ. ಅತ್ತೆ ಮುಖ ತೊಳೆದುಕೊಂಡು ಗಳ ಹಿಡಿದು ಹಿತ್ತಿಲಿನಿಂದ ಬರುತ್ತಿದ್ದರು. "ಬಾ, ಕೂತ್ಕೊ. ಕಾಫಿ ಕುಡ್ದು ಓಗು" ಎಂದರು. ನಾದಿನಿ ಗಳದ ಉದ್ದಕ್ಕೂ ಒಮ್ಮೆ ನಡೆದು ನೋಡಿ, ಕಣ್ಣೊರೆಸಿಕೊಂಡು, ಆಟೋ ವಾಪಸು ಕಳಿಸಿದಳು. ಮಾವ ಗೋಡೆಗೊರಗಿ ನೆಮ್ಮದಿಯಾಗಿ ಕಾಫಿ ಕುಡಿದರು.

ಮುಂದೊಂದು ಭಾನುವಾರ ಗಳವನ್ನು ಮುಂಬಾಗಿಲವರೆಗೂ ಬೆಳೆಸಿದೆವು. ಲೈನಿನಲ್ಲಿ ಸುದ್ದಿ ಹಬ್ಬಿತು. ಕಾಲು ಸೋತವರಿರುವ ಮನೆಗಳಿಂದೆಲ್ಲ ಕರೆ ಬಂತು. ಆಚೆಯ ಊರಿಗಾಂ ಲೈನುಗಳವರೆಗೂ ಹೋಗಿ ಕಂಬ ನೆಟ್ಟು ಬಂದೆವು. ಈಗ ನಾನೊಬ್ಬಳೇ ಹೋಗುತ್ತೇನೆ. ಹಾರೆ ಅವರದು, ಕೈ ನನ್ನದು, ವಿದ್ಯೆ ಪೂರ್ತಿ ಅವರದೇ.

ಕಳೆದ ಚಳಿಗಾಲದಲ್ಲಿ ಮಾವ ನಿದ್ದೆಯಲ್ಲೇ ಹೋದರು. ಅಂಗಳದಲ್ಲಿ ಚಟ್ಟ ಎತ್ತುವ ಹೊತ್ತಿಗೆ ಅತ್ತೆ ಒಳಗಿನಿಂದ ಎದ್ದರು. ಹಿಡಿದುಕೊಳ್ಳಲು ಬಂದ ಹೆಂಗಸರ ಕೈಗಳನ್ನು ಸರಿಸಿದರು. ಗಳ ಹಿಡಿದು ತಾವೇ ನಡೆದು ಮುಂಬಾಗಿಲಿಗೆ ಬಂದರು. ಹೆಗಲು ಕೊಟ್ಟವರು ಕಾದರು, ಯಾರೂ ಅವಸರ ಮಾಡಲಿಲ್ಲ. ಅತ್ತೆ ಕೊನೆಯ ಕಂಬವನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದರು.

"ಗಟ್ಟಿ ಐತೆ" ಎಂದರು. "ಓಗ್ಬನ್ನಿ."