ಹನ್ನೊಂದೂಕಾಲರ ಬೆಲೆ

ಆಕೆಯನ್ನು ಮೊದಲು ಕಂಡ ದಿನ ಕಳ್ಳಿಯೆಂದೇ ತಿಳಿದಿದ್ದೆ. ದಿನಸಿ ಅಂಗಡಿಯಿಂದ ಹೊರಬರುತ್ತಿದ್ದ ನನ್ನ ಚೀಲದೊಳಗೆ ಇಣುಕಿ, "ಯಜಮಾನ್ರೇ, ಬೇಳೆ ಎಷ್ಟಕ್ಕೆ ಕೊಟ್ಟ?" ಎಂದಳು. ನಾನು ಚೀಲವನ್ನು ಎದೆಗವಚಿಕೊಂಡೆ. ಆಕೆ ನಕ್ಕು ಕೊರಳಿನ ಗುರುತಿನ ಚೀಟಿ ತೋರಿಸಿದಳು. ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ ಬರೆದು ಸರಕಾರಕ್ಕೆ ಕಳುಹಿಸುವುದು ಆಕೆಯ ಕೆಲಸ.

"ಅಂಗಡಿಯವನನ್ನೇ ಕೇಳಬಾರದೇನಮ್ಮಾ?"

"ಅವನ ಬಾಯಲ್ಲೊಂದು ದರ, ನಿಮ್ಮ ಚೀಲದಲ್ಲೊಂದು ದರ. ನಾನು ಚೀಲ ನಂಬೋಳು."

ಪೇಟೆಯವರು ಆಕೆಗೆ 'ದರದಕ್ಕ' ಎಂದು ಹೆಸರಿಟ್ಟಿದ್ದರು. ಅಂದಿನಿಂದ ಆಕೆ ಕೇಳುವ ಮೊದಲೇ ನಾನು ಚೀಲ ಬಿಚ್ಚುತ್ತಿದ್ದೆ.

ಆಮೇಲೆ ಕಚೇರಿಯವರು ಆಕೆಯ ಕೈಗೆ ಫೋನು ಕೊಟ್ಟರು. ಹತ್ತರಿಂದ ಹನ್ನೊಂದರೊಳಗೆ ಅಂಗಡಿಯ ದರದ ಹಲಗೆಯ ಫೋಟೋ ತೆಗೆದು ಬೆಲೆ ತುಂಬಿದರೆ ಸಾಕು, ಕ್ಷಣದಲ್ಲಿ ರಾಜಧಾನಿಗೆ ತಲುಪುತ್ತದೆ. ದರದಕ್ಕ ಫೋಟೋ ತೆಗೆದಳು. ಕೆಳಗೆ ಮಾತ್ರ ಹಿಂದಿನ ದಿನ ಚೀಲಗಳಲ್ಲಿ ಕಂಡ ದರವನ್ನೇ ತುಂಬಿದಳು. ಎರಡೂ ತಾಳೆಯಾಗಲಿಲ್ಲ. ಕಚೇರಿಯ ಸಾಹೇಬರು ಕರೆಸಿದರು.

"ದರ ಬರೆಯೋ ಉಳಿದ ಮೂವರದ್ದೂ ಹಲಗೆಗೆ ಸರಿ ಇದೆ, ನಿಮ್ಮದೊಂದೇ ಯಾಕಮ್ಮಾ ಮೇಲೆ? ಯಾವ ಅಂಗಡಿಯವನ ಮೇಲೆ ಹಗೆ?"

ಒಂದು ವಾರದಲ್ಲಿ ಸರಿಹೋಗದಿದ್ದರೆ ಕೆಲಸವಿಲ್ಲವೆಂದೂ ಹೇಳಿದರು.

ಅಂದು ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಗೊಣಗಿದಳು: "ಹನ್ನೊಂದು ಹೊಡೀತಿದ್ದ ಹಾಗೆ ಅಂಗಡಿಯೋರು ಹಲಗೆ ಒರೆಸಿ ಬೇರೆ ದರ ಬರೀತಾರೆ ಮೇಷ್ಟ್ರೇ. ಒದ್ದೆ ಬಟ್ಟೆ ಗಲ್ಲಾದ ಕೆಳಗೇ ಇರುತ್ತೆ."

ಇಡೀ ಬೀದಿ ಸೇರಿ ಮೋಸ ಮಾಡೀತೇ? ಆಕೆಯ ಮಾತಿನ ಮೇಲೆ ನನಗೂ ಅನುಮಾನ ಬಂದದ್ದುಂಟು. ಮರುದಿನ ಹತ್ತೂವರೆಗೆ ಹೋದೆ. ಹಲಗೆಯಲ್ಲಿ ಬೇಳೆ ನೂರಹತ್ತು. "ಮೂಟೆ ಬಿಚ್ಚಿಲ್ಲ, ಹನ್ನೊಂದರ ಮೇಲೆ ಬನ್ನಿ ಮೇಷ್ಟ್ರೇ," ಎಂದ ಅಂಗಡಿಯವನು. ಹನ್ನೊಂದೂಕಾಲಿಗೆ ಹೋದರೆ ನೂರನಲವತ್ತು; ಹಲಗೆ ಇನ್ನೂ ಒದ್ದೆ.

"ನಾನು ಸಾಕ್ಷಿ ಹೇಳ್ತೀನಮ್ಮಾ," ಎಂದೆ.

"ನೀವು ನನ್ನ ಕಡೆಯವರು ಅಂತಾರೆ. ಬೇಡ ಬಿಡಿ."

ಆಕೆ ನೇರವಾಗಿ ಸಾಹೇಬರ ಕೈಗೇ ಖಾಲಿ ಚೀಲ ಕೊಟ್ಟು, "ಸಾರ್, ಇವತ್ತು ಮನೆಗೆ ಬೇಳೆ ನೀವೇ ತಗೊಳ್ಳಿ. ಹನ್ನೊಂದೂಕಾಲಿಗೆ ಹೋಗಿ," ಎಂದಳಂತೆ. ಅವರು ನೂರನಲವತ್ತು ತೆತ್ತು ಬಂದು, ಚೀಲವನ್ನು ಮೇಜಿನ ಮೇಲಿಟ್ಟರಂತೆ. ಕೆಲಸ ಉಳಿಯಿತು.

ಈಗ ಫೋಟೋಗೆ ಗೊತ್ತುಪಡಿಸಿದ ಹೊತ್ತಿಲ್ಲ. ಫೋನು ಕೂಗಿದಾಗ ಓಡಬೇಕು. ಆದರೂ ದರದಕ್ಕನಿಗೆ ನೆಮ್ಮದಿಯಿಲ್ಲ. "ಇದು ಯಾವಾಗ ಕೂಗುತ್ತೆ ಅಂತ ಅಂಗಡಿಯೋರಿಗೆ ನನಗಿಂತ ಮೊದಲೇ ಗೊತ್ತಾಗೋ ದಿನ ದೂರ ಇಲ್ಲ, ಬಿಡಿ," ಎನ್ನುತ್ತಾಳೆ.

ನಿನ್ನೆಯೂ ನನ್ನ ಚೀಲದೊಳಗೆ ಇಣುಕಿದಳು. ದರ ಹೇಳಿದೆ. ನಂಬಲಿಲ್ಲ, ಬಿಲ್ಲು ಕೇಳಿದಳು.