ತಾರ್ಸಿಸಿಯುಸನ ಮುಷ್ಟಿ

ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ, ಬೆಳ್ತಂಗಡಿ ಕಡೆಯ ನಮ್ಮ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದರೂ ಮಕ್ಕಳಿಗೆ ಬಿಡುಗಡೆ ಇರಲಿಲ್ಲ. ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದವರಿಗೆ ಧರ್ಮಶಿಕ್ಷಣದ ತರಗತಿ. ಕಿಟಕಿಯಿಂದ ಹೋಟೆಲಿನ ಗೋಳಿಬಜೆಯ ವಾಸನೆ.

ಒಂದು ವಾರ ಸಿಸ್ಟರ್ ಸಂತ ತಾರ್ಸಿಸಿಯುಸನ ಕಥೆ ಹೇಳಿದರು. ರೋಮಿನಲ್ಲಿ ಕ್ರೈಸ್ತರನ್ನು ಕೊಲ್ಲುತ್ತಿದ್ದ ಕಾಲ. ಸೆರೆಯಲ್ಲಿದ್ದವರಿಗೆ ಪರಮಪ್ರಸಾದದ ರೊಟ್ಟಿ ಒಯ್ಯುತ್ತಿದ್ದ ಬಾಲಕ ತಾರ್ಸಿಸಿಯುಸನನ್ನು ಕೆಲವರು ಬೀದಿಯಲ್ಲಿ ಅಡ್ಡಗಟ್ಟಿ, ಕೈಯಲ್ಲಿರುವುದನ್ನು ತೋರಿಸು ಎಂದರು. ಅವನು ತೋರಿಸಲಿಲ್ಲ. ಹೊಡೆದು ಕೊಂದು ನೋಡಿದರೆ ಕೈಯಲ್ಲಿ ಏನೂ ಇರಲಿಲ್ಲ.

"ಹಾಗಾದರೆ ಅದು ಎಲ್ಲಿಗೆ ಹೋಯಿತು ಸಿಸ್ಟರ್?" ಎಂದೆ.

"ಅವನೊಳಗೇ ಸೇರಿತು. ನೀನು ಕುಳಿತುಕೋ."

ನನಗೆ ಸಮಾಧಾನವಾಗಲಿಲ್ಲ. ಆ ಬೇಸಿಗೆಯಿಡೀ ಇಗರ್ಜಿಯ ಹಿಂದಿನ ಗೇರುಮರದ ಕೆಳಗೆ ನಾವು ಹುಡುಗಿಯರು ಅದನ್ನೇ ಆಡಿದೆವು. ಮುಷ್ಟಿಯಲ್ಲಿ ಕೆಂಪು ಮಂಜೊಟ್ಟಿ ಬೀಜ ಹಿಡಿದವಳು ತಾರ್ಸಿಸಿಯುಸ್, ಉಳಿದವರೆಲ್ಲ ರೋಮಿನವರು. ಕಚಗುಳಿಯಿಟ್ಟರೆ ಮುಷ್ಟಿ ಬಿಚ್ಚುತ್ತಿತ್ತು. ಎಲ್ಲರಿಗಿಂತ ಬೇಗ ನಕ್ಕು ಸೋಲುವವಳು ನನ್ನ ಗೆಳತಿ ಜೆಸಿಂತಾ.

ಒಂದು ಭಾನುವಾರ ಅವಳು ಆಟಕ್ಕೆ ಬರದೆ ಫಾದರ್ ಇರುವ ಮನೆಯ ಕಡೆ ನಡೆದಳು. ಬಿಗಿದ ಮುಷ್ಟಿಯ ಸಂದಿಯಲ್ಲಿ ಕಾಗದದ ತುದಿ ಕಂಡಿತು.

"ಅದೆಂತದು? ತೋರಿಸು."

"ಬೇಡ ಮಾರಾಯ್ತಿ. ಅಮ್ಮ ಫಾದರಿಗೆ ಬರೆದದ್ದು. ಬೇರೆ ಯಾರಿಗೂ ತೋರಿಸ್ಲಿಕ್ಕೆ ಇಲ್ಲ."

"ಓಹೋ, ದೊಡ್ಡ ತಾರ್ಸಿಸಿಯುಸ್!"

ಕಚಗುಳಿಗೆ ಅವಳು ನಗಲಿಲ್ಲ. ನಾಲ್ವರು ಸೇರಿ ಕೆಡವಿದೆವು. ನಾನು ಮಣಿಕಟ್ಟು ಹಿಡಿದು ಕಿರುಬೆರಳು ಬಿಡಿಸಿದೆ, ಮತ್ತೊಂದನ್ನೂ. ಆಗ ಅವಳು ಮುಷ್ಟಿಯತ್ತ ತಲೆ ಬಗ್ಗಿಸಿ, ಕಾಗದವನ್ನು ಬಾಯಲ್ಲಿ ಕಚ್ಚಿಕೊಂಡು, ನನ್ನನ್ನೇ ನೋಡುತ್ತ ಜಗಿದು ನುಂಗಿದಳು. ತುಟಿಗೆ ನೀಲಿ ಶಾಯಿ ಹತ್ತಿತ್ತು.

ಮುಂದೆ ನಾನು ಪತ್ರಿಕೆ ಸೇರಿದೆ. ಜನ ತೋರಿಸಲು ಒಪ್ಪದ ಎಷ್ಟೋ ಕಾಗದಗಳನ್ನು ಓದಿದ್ದೇನೆ. ಓದಲಾಗದ ಅದೊಂದು ಮಾತ್ರ ತಲೆಯಿಂದ ಹೋಗಲಿಲ್ಲ. ಈಚೆಗೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಜೆಸಿಂತಾ ಸಿಕ್ಕಾಗ, ಅದರಲ್ಲಿ ಏನಿತ್ತೆಂದು ಕೇಳಿಯೇಬಿಟ್ಟೆ.

"ನೀನಿನ್ನೂ ಅದನ್ನು ಬಿಡ್ಲಿಲ್ಲವಾ!" ಎಂದು ನಕ್ಕಳು. "ನನಗೂ ಗೊತ್ತಿಲ್ಲ. ನಾನು ಓದಿರ್ಲಿಲ್ಲ."

"ಅಮ್ಮನನ್ನು ಕೇಳಲಿಲ್ಲವಾ?"

"ಅಮ್ಮ ಬೈಯಲೂ ಇಲ್ಲ. ಇನ್ನೊಂದು ಬರೀತೀರಾ ಅಂತ ಕೇಳಿದೆ. ಬೇಡ ಅಂದ್ರು. ಮತ್ತೆ ಬರೀಲೇ ಇಲ್ಲ."

ಗೇರುಮರವಿದ್ದಲ್ಲಿ ಈಗ ಸಭಾಭವನ ಉಂಟು. ಆ ಆಟ ಯಾರಿಗೂ ಗೊತ್ತಿಲ್ಲ. ಅವಳ ಅಮ್ಮ ತೀರಿಕೊಂಡು ವರ್ಷಗಳಾದವು. ಅವರು ಯಾವುದಾದರೂ ಕಷ್ಟ ಹೇಳಿಕೊಂಡಿರಬಹುದು. ಮೊದಲ ಪರಮಪ್ರಸಾದಕ್ಕೆ ಮಗಳ ಬಿಳಿ ಫ್ರಾಕು ಹೊಲಿದಾಗಿಲ್ಲ ಎಂದಷ್ಟೇ ಬರೆದಿರಲೂಬಹುದು. ತಿಳಿಯುವ ದಾರಿಯಿಲ್ಲ. ಅದು ಫಾದರನ್ನು ತಲುಪದಿದ್ದದ್ದು ನನ್ನಿಂದ.