ಹಲ್ಲು ಸವರಿದ ಸ್ಟಾಂಪು

ತೊಂಬತ್ತರ ದಶಕದಲ್ಲಿ ಪಾಂಡವಪುರದ ನನ್ನ ಗೆಳೆಯನಿಗೂ ನನಗೂ ಸ್ಟಾಂಪು ಕೂಡಿಡುವ ಹುಚ್ಚು. ಸ್ಟಾಂಪಿನ ಅಂಚಿನ ಕಚ್ಚುಗಳಿಗೆ ನಾವು ಹಲ್ಲು ಎನ್ನುತ್ತಿದ್ದೆವು. ಯಂತ್ರದಲ್ಲಿ ಮಾರಲೆಂದು ಸುರುಳಿ ಸುತ್ತಿದ ಅಮೆರಿಕದ ಸ್ಟಾಂಪುಗಳಿಗೆ ಎರಡೇ ಬದಿಯಲ್ಲಿ ಹಲ್ಲು, ಉಳಿದೆರಡು ಬದಿ ನುಣುಪು. ಅಂಥದ್ದೊಂದಕ್ಕಾಗಿ ನನ್ನಲ್ಲಿದ್ದ ಒಳ್ಳೊಳ್ಳೆಯ ಸ್ಟಾಂಪುಗಳನ್ನೆಲ್ಲ ಅವನಿಗೆ ಕೊಟ್ಟೆ.

"ಅಪರೂಪದ್ದು ಕಣ್ಲಾ, ಜೋಪಾನ," ಅಂದಿದ್ದ.

ಕಂಡಕಂಡವರಿಗೆಲ್ಲ ತೋರಿಸಿ ಮೆರೆದೆ. ಆಮೇಲೊಂದು ದಿನ ಅದೇ ಚಿತ್ರದ ಸಾಮಾನ್ಯ ಸ್ಟಾಂಪು ಕೈಗೆ ಸಿಕ್ಕಿತು. ಎರಡನ್ನೂ ಅಕ್ಕಪಕ್ಕ ಇಟ್ಟೆ. ನಿಜವಾದ ಸುರುಳಿ ಸ್ಟಾಂಪು ಸಾಮಾನ್ಯದ್ದಕ್ಕಿಂತ ಗಿಡ್ಡ ಇರುವುದಿಲ್ಲ. ನನ್ನದು ಗಿಡ್ಡವಿತ್ತು, ಪಕ್ಕದವನು ಬದು ಕಡಿದುಕೊಂಡ ಗದ್ದೆಯ ಹಾಗೆ. ಅಯೋಗ್ಯ, ಸಾಮಾನ್ಯ ಸ್ಟಾಂಪಿನ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಕತ್ತರಿಯಲ್ಲಿ ಸವರಿ ಕೊಟ್ಟಿದ್ದ!

ಹೋಗಿ ಎರಡನ್ನೂ ಅವನ ಮುಂದಿಟ್ಟೆ. ನಾಚಿಕೆಪಡುವುದಿರಲಿ, ಅವನಿಗೇ ಸಿಟ್ಟು ಬಂತು.

"ನಾನ್ ಕೊಟ್ಟಿದ್ನೂ ಅಳತೆ ಹಾಕ್ಬುಟ್ಯೇನ್ಲಾ?"

ಬದು ಅಳೆಯುವಾಗ ಒಡಹುಟ್ಟಿದವರೇ ಆಚೆಗೊಬ್ಬ ಈಚೆಗೊಬ್ಬ ನಿಂತು ಹಗ್ಗ ಹಿಡಿಯುವ ಊರು ನಮ್ಮದು. ಅಲ್ಲಿ ನಾನು ಅಳೆಯದೆ ತೆಗೆದುಕೊಂಡದ್ದು ಅವನೊಬ್ಬನ ಕೈಯಿಂದ ಮಾತ್ರ.